ಡೆಮೊ ಮಿಸ್

ಗಾಜಿಪುರ, ಕಲಬುರಗಿ
೧೫ ಜೂನ್ ೨೦೨೫

ಅವ್ವ,

ಬುತ್ತಿ ಮುಟ್ಟಿತು. ರೊಟ್ಟಿ ಮುರಿದಿರಲಿಲ್ಲ, ಪುಂಡಿಪಲ್ಯ ಮಾತ್ರ ಡಬ್ಬಿ ದಾಟಿ ಶೇಂಗಾ ಹಿಂಡಿಯ ಪೊಟ್ಟಣದೊಳಗೂ ಹೋಗಿ ಬಂದಿತ್ತು. ಕಂಡಕ್ಟರ್ ದೌಲಪ್ಪಣ್ಣ ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ಕೈಗೆ ಕೊಡುವಾಗ ಎಲ್ಲರ ಎದುರಿಗೆ "ಸಿಕ್ತೇನವಾ ನೌಕರಿ?" ಎಂದು ಕೇಳಿದ. ಬಂದು ವಾರವಾಗಿಲ್ಲ, ಆಗಲೇ ಬಸ್ಸಿಗೂ ಚಿಂತೆ ಹತ್ತಿದೆ.

ಇನ್ನು ಮೇಲೆ ಖಾಲಿ ಡಬ್ಬಿಯಲ್ಲಿ ನಾನು ಪತ್ರ ಇಟ್ಟು ಕಳಿಸುತ್ತೇನೆ, ರೊಟ್ಟಿಯ ಜೊತೆ ನೀನು ಬರೆದು ಕಳಿಸು. ಫೋನು ಬೇಡ. ಅಪ್ಪ ಸ್ಪೀಕರ್ ಹಾಕಿ ಫೋನನ್ನು ಕಟ್ಟೆಯ ಮೇಲೆ ಇಡುತ್ತಾನೆ, ಓಣಿಯೆಲ್ಲ ನನ್ನ ಜೊತೆ ಮಾತಾಡುತ್ತದೆ. ನೀನು ಕೇಳಿದ್ದಕ್ಕೆ ಪಕ್ಕದ ಮನೆಯ ಕಸ್ತೂರಿಬಾಯಿ ಅತ್ತೆ ಉತ್ತರ ಕೊಡುತ್ತಾಳೆ. ಅಪ್ಪನ ಕಣ್ಣಿನ ಪೊರೆ ತೆಗೆಸುವ ತನಕ ಪತ್ರಗಳನ್ನು ನೀನೇ ಓದಿ ಹೇಳು.

ಇರಲು ಜಾಗ ಚೆನ್ನಾಗಿದೆ. ಕೋಣೆಯ ಜೊತೆಗಾತಿ ಮುನೀರಾ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. ಅವಳು ಬರುವಾಗ ನಾನು ಹೊರಡುತ್ತೇನೆ. ಒಂದೇ ಮಂಚ, ಆದರೂ ಜಗಳವಿಲ್ಲ.

ಇನ್ನು ನೌಕರಿಯ ಕಥೆ. ಸೇಡಂ ರಸ್ತೆಯ ಒಂದು ಶಾಲೆಯಲ್ಲಿ ವಿಜ್ಞಾನಕ್ಕೆ ಒಂದು ಜಾಗ. ಬಂದವರು ಒಂದು ಮದುವೆಗೆ ಸಾಕಾಗುವಷ್ಟು. ಎಂ.ಎಸ್ಸಿ. ಮಾಡಿದವರಿದ್ದರು, ಕಾಲೇಜಿನಲ್ಲಿ ಕಲಿಸಿ ಬಿಟ್ಟವರಿದ್ದರು, ಎಲ್ಲರೂ ಹೈಸ್ಕೂಲಿನ ಅದೇ ಒಂದು ಕುರ್ಚಿಗೆ. ನನ್ನ ಬಿ.ಎಡ್. ಅಂಕಪಟ್ಟಿಯನ್ನು ಕೆಳಗೆ ಮೇಲೆ ನೋಡಿ, ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಮಾಧ್ಯಮದ ಮಕ್ಕಳ ಎದುರು ಹೇಗೆ ನಿಲ್ಲುತ್ತೀರಿ ಎಂದು ಕೇಳಿದರು. ಎರಡು ಕಾಲ ಮೇಲೆ ಎನ್ನಬೇಕೆಂದಿದ್ದೆ, ನುಂಗಿಕೊಂಡೆ.

ಜೇವರ್ಗಿ ಕಾಲೋನಿಯ ಶಾಲೆಯಲ್ಲಿ ಅಧ್ಯಕ್ಷರೇ ಕುಳಿತಿದ್ದರು. ಊರು ಯಾವುದೆಂದರು. ಕಮಲಾಪುರ ಎಂದೆ. ನಮ್ಮ ಕೆಂಪು ಬಾಳೆಹಣ್ಣನ್ನು ಬಹಳ ಹೊಗಳಿದರು, ನಕ್ಕರು. ಆಮೇಲೆ "ಕಮಲಾಪುರದಾಗ ಯಾವ ಓಣಿ?" ಎಂದರು. ಹೇಳಿದೆ. ಮುಂದೆ ಬಾಳೆಹಣ್ಣಿನ ಮಾತೂ ಬರಲಿಲ್ಲ. ಫೋನ್ ಮಾಡುತ್ತೇವೆ ಎಂದಿದ್ದಾರೆ.

ನಿನ್ನ ಮಗಳು,
ಮಾಯಾ


ಕಮಲಾಪುರ
೨೦ ಜೂನ್ ೨೦೨೫

ಮಾಯಾ,

ಪಲ್ಯ ಸೋರಿದ್ದು ಬರೆದಿದ್ದೀ, ಹೊಟ್ಟೆ ತುಂಬ ಉಂಡೆಯೋ ಇಲ್ಲವೋ ಬರೆದಿಲ್ಲ. ಬರಿ.

ಓಣಿ ಕೇಳಿದರೆ ಓಣಿ ಹೇಳು, ತಲೆ ಎತ್ತಿ ಹೇಳು. ಆ ನಾಲ್ಕು ಸಾಲನ್ನು ನಿಮ್ಮಪ್ಪನಿಗೆ ಓದಿ ಹೇಳಲಿಲ್ಲ. ಬಾಳೆಹಣ್ಣು ಹೊಗಳಿದ ತನಕ ಓದಿ ನಿಲ್ಲಿಸಿದೆ. ಅವರಿಗೆ ಖುಷಿಯಾಯಿತು.

ಇಲ್ಲಿ ಹೈಸ್ಕೂಲಿನ ಹೆಡ್ ಮಾಸ್ತರರು ಎರಡು ಸಲ ಹೇಳಿ ಕಳಿಸಿದ್ದಾರೆ. ಈ ವರ್ಷವೂ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿಯ ಜಾಗ ಖಾಲಿ ಇದೆಯಂತೆ, ಜುಲೈ ಅರ್ಧದ ತನಕ ನಿನಗಾಗಿ ಹಿಡಿದಿಡುತ್ತಾರಂತೆ. ನಿಮ್ಮಪ್ಪನದು ದಿನಾ ಬೆಳಗ್ಗೆ ಒಂದೇ ರಾಗ, "ಇದ್ದೂರಾಗ ಸಾಲಿ ಇದ್ದು, ಆ ಶಹರದಾಗ ಯಾಕ ತಿರಗಬೇಕು ಹುಡುಗಿ?" ನಾನು ಬಗ್ಗಲಿಲ್ಲ. ಎರಡು ವರ್ಷ ಅತಿಥಿಯಾಗಿದ್ದೀ, ಎರಡು ಬೇಸಿಗೆಯೂ ನಾಳೆಯಿಂದ ಬರಬೇಡ ಎನ್ನಿಸಿಕೊಂಡಿದ್ದೀ. ಅತಿಥಿ ಎಂದರೆ ಉಂಡು ಎದ್ದು ಹೋಗುವವರು. ನೀನು ಉಣ್ಣುವ ಮೊದಲೇ ಎದ್ದು ಬಂದವಳು. ಕೈಯಲ್ಲಿ ಆರ್ಡರ್ ಇರುವ ನೌಕರಿ ಬೇಕು ನಿನಗೆ. ದಸರಾ ರಜೆಯ ತನಕ ಹುಡುಕಲಿ, ಸಿಗದಿದ್ದರೆ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ, ಆಮೇಲೆ ನೀವು ಹೇಳಿದ ಹಾಗೆ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ನನ್ನ ಮಾತು ಉಳಿಸುವುದು ನಿನ್ನ ಕೆಲಸ.

ಮಾನಮ್ಮ, ನಿನ್ನ ಅವ್ವ


ಗಾಜಿಪುರ
೫ ಜುಲೈ ೨೦೨೫

ಅವ್ವ,

ಅವಸರದಲ್ಲಿ ಬರೆಯುತ್ತಿದ್ದೇನೆ, ದೌಲಪ್ಪಣ್ಣನ ಬಸ್ಸು ಹೊರಡುತ್ತದೆ.

ಸೇಡಂ ರಸ್ತೆಯಾಚೆ ಹೊಸ ಬಡಾವಣೆಯಲ್ಲಿ ಒಂದು ನೀಲಿ ಕಟ್ಟಡದ ಶಾಲೆ. ಹೆಡ್ ಮೇಡಂ ಒಳ್ಳೆಯವರು, ಓಣಿ ಕೇಳಲಿಲ್ಲ. ನನ್ನ ಪಾಠ ಒಂದು ತಾಸು ಕೂತು ನೋಡಿದರು. ಸೋಮವಾರದಿಂದ ದಿನಾ ಬಾ ಎಂದಿದ್ದಾರೆ! ಹತ್ತನೆಯ ತರಗತಿ ಕೊಟ್ಟಿದ್ದಾರೆ. ಡೆಮೊ ಮುಗಿಯಲಿ, ಆಮೇಲೆ ಆರ್ಡರ್ ಎಂದರು. ಆ ಎರಡನೆಯ ಸೀರೆ, ಹಸಿರು ಅಂಚಿನದು, ಡಬ್ಬಿಯ ಜೊತೆ ಕಳಿಸು.

ಮಾಯಾ


ಕಮಲಾಪುರ
೯ ಜುಲೈ ೨೦೨೫

ನನ್ನ ಬಂಗಾರ ಮಗಳೇ,

ಹಸಿರು ಅಂಚಿನದು ಕಳಿಸಿದ್ದೇನೆ, ನನ್ನ ಹಳದಿಯದನ್ನೂ ಇಟ್ಟಿದ್ದೇನೆ. ಹೈಸ್ಕೂಲ್ ಮಿಸ್ಸಿಗೆ ಎರಡೇ ಸೀರೆ ಸಾಲುವುದಿಲ್ಲ.

ನಿನ್ನ ಪತ್ರ ಓದಿ ಮುಗಿಸುವ ಮೊದಲೇ ನಿಮ್ಮಪ್ಪ ಎದ್ದು ಹೋದರು. ಬರುವಾಗ ಹೆಗಲ ಮೇಲೆ ಒಂದು ಇಡೀ ಗೊನೆ ಕೆಂಪು ಬಾಳೆ. ಕರಣಿ ಹಿಡಿದು ಗೋಡೆ ಕಟ್ಟುವ ಗೌಂಡಿಯ ಕೈ, ಅಷ್ಟು ಜೋಪಾನವಾಗಿ ಒಂದೊಂದೇ ಹಣ್ಣು ಬಿಡಿಸಿ ಓಣಿಯ ಮನೆ ಮನೆಗೆ ಕೊಟ್ಟರು. ಬುದ್ಧ ವಿಹಾರದ ಮುಂದೆ ಕೂತ ಮುದುಕರಿಗೂ ಕೊಟ್ಟರು. ಕಸ್ತೂರಿಬಾಯಿ ಎರಡು ಕೇಳಿ ಪಡೆದಳು.

ಹೈಸ್ಕೂಲಿಗೂ ಹೋಗಿ ಹೆಡ್ ಮಾಸ್ತರರ ಕೈಗೆ ಹಣ್ಣು ಕೊಟ್ಟು, ನಮ್ಮ ಹುಡುಗಿಗೆ ಶಹರದಲ್ಲಿ ನೌಕರಿಯಾಯಿತು, ಇನ್ನು ಜಾಗ ಹಿಡಿದಿಡಬೇಡಿ ಎಂದು ಹೇಳಿ ಬಂದರು. ಆ ಜಾಗವನ್ನು ದೇವೀಂದ್ರಪ್ಪನವರ ಮಗ ಅರುಣಕುಮಾರನಿಗೆ ಕೊಟ್ಟರಂತೆ. ಹೋಗಲಿ, ಅವನೂ ಬಹಳ ದಿನದಿಂದ ಅಲೆಯುತ್ತಿದ್ದ.

ಎದೆ ತುಂಬಿದೆ, ಹೆಚ್ಚು ಬರೆಯಲಾರೆ.

ನಿನ್ನ ಅವ್ವ


ಗಾಜಿಪುರ
೧೧ ಜುಲೈ ೨೦೨೫

ಅವ್ವ,

ಏನು ಮಾಡಿಬಿಟ್ಟೆ ನೀನು! ನೌಕರಿ ಸಿಕ್ಕಿತು ಎಂದು ನಾನು ಎಲ್ಲಿ ಬರೆದೆ? ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವುದನ್ನು ಕೇಳಿದ್ದೆ, ನೀವಿಬ್ಬರೂ ಊರಿಗೆಲ್ಲ ನಾಮಕರಣದ ಊಟ ಹಾಕಿ ಕುಳಿತಿದ್ದೀರಿ.

ಡೆಮೊ ಎಂದರೆ ಪರೀಕ್ಷೆ ಅವ್ವ. ಪಾಠ ಮಾಡಿ ತೋರಿಸುವುದು. ಪಗಾರವಿಲ್ಲ, ಹಾಜರಿಯಿಲ್ಲ, ಏನೂ ಇಲ್ಲ. ಅವರಿಗೆ ಒಪ್ಪಿಗೆಯಾದರೆ ಇಟ್ಟುಕೊಳ್ಳುತ್ತಾರೆ, ಇಲ್ಲವಾದರೆ ಥ್ಯಾಂಕ್ಸ್ ಎನ್ನುತ್ತಾರೆ. ಈಗ ಅಲ್ಲಿನ ಜಾಗವೂ ಹೋಯಿತು, ಇಲ್ಲಿಯದು ಇನ್ನೂ ಬಂದಿಲ್ಲ. ಅತ್ತ ದರಿ, ಇತ್ತ ಪುಲಿ. ನಡುವೆ ನಾನು, ನಿನ್ನ ಹಳದಿ ಸೀರೆ ಉಟ್ಟುಕೊಂಡು.

ಸಿಟ್ಟು ಬಂದಿದೆ ನನಗೆ. ನಿನ್ನ ಮೇಲೆ, ಅಪ್ಪನ ಮೇಲೆ, ಆ ಬಾಳೆಗೊನೆಯ ಮೇಲೆ. ಉಂಡಿದ್ದೇನೆ, ಕೇಳಬೇಡ.

ಪಾಠ ಮಾತ್ರ ಚೆನ್ನಾಗಿ ನಡೆದಿದೆ. ಆಮ್ಲ, ಪ್ರತ್ಯಾಮ್ಲ. ಅಲ್ಲಿ ಲಿಟ್ಮಸ್ ಕಾಗದವಿಲ್ಲ, ನಾನೇ ಅರಿಶಿನದಲ್ಲಿ ಕಾಗದ ಅದ್ದಿ ಒಣಗಿಸಿ ಒಯ್ದೆ. ಸಾಬೂನಿನ ನೀರು ಮುಟ್ಟಿಸಿದೊಡನೆ ಅದು ಕೆಂಪಾದಾಗ ಮಕ್ಕಳು ಬೆಂಚು ಬಿಟ್ಟು ಎದ್ದು ಬಂದರು. ಒಬ್ಬ ಹುಡುಗಿ ಒಂದು ವಿಚಿತ್ರ ಪ್ರಶ್ನೆ ಕೇಳಿದಳು: "ಮಿಸ್, ನೀವು ಯಾವ ಪಾಠದ ತನಕ ಇರ್ತೀರಿ?" ಪರೀಕ್ಷೆಯ ತನಕ ಎಂದೆ. ಅವಳು ನಗಲೂ ಇಲ್ಲ, ಕೂರಲೂ ಇಲ್ಲ.

ಮಾಯಾ


ಕಮಲಾಪುರ
೧೭ ಜುಲೈ ೨೦೨೫

ಮಾಯಾ,

ಬೈ, ಎಷ್ಟು ಬೇಕಾದರೂ ಬೈ. ಆದರೆ ನನ್ನ ಮಾತೂ ಕೇಳು. ಅಂಗನವಾಡಿಗೆ ನನ್ನನ್ನು ಮೊದಲು ಆರಿಸಿದರು, ಆಮೇಲೆ ತರಬೇತಿಗೆ ಕರೆದರು. ಸರ್ಕಾರ ಊಟ ಹಾಕಿ, ಚಾಪೆ ಕೊಟ್ಟು ಕಲಿಸಿತು. ನಿನ್ನ ಡೆಮೊ ಅಂಥದೇ ಏನೋ ಎಂದುಕೊಂಡೆ. ಕೆಲಸವನ್ನೇ ಕೊಡದೆ ಕೆಲಸ ಮಾಡಿಸಿಕೊಳ್ಳುವ ಪದ್ಧತಿ ಇದೆಯೆಂದು ನನಗೇನು ಕನಸು ಬಿದ್ದಿತ್ತೇ?

ನಿಮ್ಮಪ್ಪನಿಗೆ ನಿಜ ಹೇಳಲಿಲ್ಲ. ಹೇಳಲು ಎರಡು ಸಲ ಬಾಯಿ ತೆರೆದೆ. ಅವರು ಕಟ್ಟೆಯ ಮೇಲೆ ಕುಳಿತು ಯಾರಿಗೋ "ನನ್ನ ಮಗಳು ಹತ್ತನೇದವರಿಗೆ ಕಲಸ್ತಾಳ" ಎನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡೆ. ನಿನ್ನ ಪತ್ರ ಹಿಡಿದುಕೊಂಡು ಅದರಲ್ಲಿ ಇಲ್ಲದ್ದನ್ನು ಓದಿದೆ. ಶಾಲೆ ಬಹಳ ಚಲೋ ಇದೆ, ಹೆಡ್ ಮೇಡಂ ತಾಯಿಯಂಥವರು, ಮಕ್ಕಳು ಹೇಳಿದ ಮಾತು ಕೇಳುತ್ತಾರೆ, ನಾನು ಸುಖವಾಗಿದ್ದೇನೆ ಎಂದೆಲ್ಲ. ಅವರು ಕೊನೆಯ ತನಕ ಕೇಳಿದರು. ಮತ್ತೊಮ್ಮೆ ಓದು ಎಂದರು. ಮೊದಲು ಏನು ಹೇಳಿದ್ದೆನೋ ನೆನಪಾಗದೆ ಬೆವರಿದೆ.

ಆ ಡೆಮೊ ಬೇಗ ಮುಗಿಸು. ಸುಳ್ಳು ಓದುವುದು ಕಷ್ಟದ ಕೆಲಸ.

ಅವ್ವ


ಗಾಜಿಪುರ
೬ ಆಗಸ್ಟ್ ೨೦೨೫

ಅವ್ವ,

ಡೆಮೊ ಮುಗಿಯಿತು. ಹೇಗೆ ಮುಗಿಯಿತು ಎಂದು ಕೇಳು.

ಆಮ್ಲದ ಪಾಠ ಮುಗಿಸಿದ ಮೇಲೆ ಆರ್ಡರ್ ಕೇಳಿದೆ. ಮ್ಯಾನೇಜ್‌ಮೆಂಟಿನವರು ಇನ್ನೊಂದು ಪಾಠ ನೋಡಬೇಕಂತೆ ಎಂದರು ಹೆಡ್ ಮೇಡಂ. ಲೋಹ ಮತ್ತು ಅಲೋಹ ಕೊಟ್ಟರು. ನೋಡಲು ಯಾರೂ ಬರಲಿಲ್ಲ. ಅದನ್ನೂ ಮುಗಿಸಿದೆ, ಕಿರುಪರೀಕ್ಷೆ ಮಾಡಿದೆ, ಉತ್ತರಪತ್ರಿಕೆ ತಿದ್ದಿದೆ. ಸೋಮವಾರ ಮೇಡಂ ಕೈ ಕುಲುಕಿ, ಬಹಳ ಚೆನ್ನಾಗಿ ಕಲಿಸುತ್ತೀರಿ, ತಿಳಿಸುತ್ತೇವೆ ಎಂದರು.

ನಿನ್ನೆ ನನ್ನ ಅರಿಶಿನ ಕಾಗದದ ಡಬ್ಬಿ ತರಲು ಹೋಗಿದ್ದೆ. ಗೇಟಿನ ಹತ್ತಿರ ಒಬ್ಬಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಪುಸ್ತಕ ಎದೆಗೊತ್ತಿಕೊಂಡು ಬಾಯಿಪಾಠ ಮಾಡುತ್ತಾ ನಿಂತಿದ್ದಳು. ಹೆಸರು ಮಲ್ಲಿಕಾ. "ಡೆಮೊ ಅದರಿ, ಎಷ್ಟು ಓದಿದ್ರೂ ಸಾಲವಲ್ದು" ಎಂದಳು. ಯಾವ ಪಾಠ ಎಂದೆ. ಇಂಗಾಲ ಮತ್ತು ಅದರ ಸಂಯುಕ್ತಗಳು ಎಂದಳು. ಅವ್ವ, ಅದು ನಾನು ನಿಲ್ಲಿಸಿದ ಪಾಠದ ಮುಂದಿನ ಪಾಠ. ಒಳಗೆ ಹೋಗಿ, ಯಾವ ಪಾಠದ ತನಕ ಇರುತ್ತೀರಿ ಎಂದು ಅವತ್ತು ಕೇಳಿದ್ದ ಹುಡುಗಿಯನ್ನು ಹುಡುಕಿ ಕೇಳಿದೆ. ಅವಳು ಪ್ರಾಮಾಣಿಕವಾಗಿ ಹೇಳಿದಳು, ರಾಸಾಯನಿಕ ಕ್ರಿಯೆಗೆ ಒಬ್ಬ ಸರ್ ಬಂದಿದ್ದರಂತೆ, ಹೋದ ವರ್ಷ ಒಂಬತ್ತನೆಯದಕ್ಕೆ ವಿಜ್ಞಾನವೆಲ್ಲ ಹೀಗೇ ಮುಗಿಯಿತಂತೆ. ಪಾಠಕ್ಕೊಬ್ಬರು. ಮಕ್ಕಳು ನಮಗೆಲ್ಲ ಒಂದೇ ಹೆಸರು ಇಟ್ಟಿದ್ದಾರೆ, ಡೆಮೊ ಮಿಸ್, ಡೆಮೊ ಸರ್. ಹೆಸರು ಕಲಿಯುವ ಹೊತ್ತಿಗೆ ನಾವು ಹೋಗಿರುತ್ತೇವಲ್ಲ.

ಹೊರಗೆ ಬಂದು ಮಲ್ಲಿಕಾಗೆ ಎಲ್ಲ ಹೇಳಿದೆ. ಅವಳು ಪುಸ್ತಕ ಮುಚ್ಚಿದಳು. ಇಬ್ಬರೂ ಕೂಡಿ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಆ ಶಾಲೆಗೆ ಬಾಯಿಗೆ ಬಂದ ಹಾಗೆ ಬೈದೆವು. ನಾಳೆಯಿಂದ ಡೆಮೊಗೆ ಬಂದವರೆಲ್ಲ ಒಂದೇ ಪಾಠವನ್ನು ಮತ್ತೆ ಮತ್ತೆ ಮಾಡಲಿ, ಮಾರ್ಚ್ ಬಂದರೂ ಆಮ್ಲ ದಾಟದ ಹಾಗೆ ಮಾಡೋಣ ಎಂದು ನಾನು ಹೇಳಿದೆ. ಬಹಳ ಖುಷಿಯಾಯಿತು. ಆಮೇಲೆ ಆ ಹುಡುಗಿಯ ಮುಖ ನೆನಪಾಯಿತು.

ಸಾಕಾಗಿದೆ ಅವ್ವ. ಮೂಗಿಗೆ ತುಪ್ಪ ಸವರಿದರು, ನಾನು ತಿಂಗಳಿಡೀ ನೆಕ್ಕುತ್ತಾ ಕೂತಿದ್ದೆ. ಊರಿಗೆ ಬರುತ್ತೇನೆ.

ಮಾಯಾ


ಕಮಲಾಪುರ
೧೦ ಆಗಸ್ಟ್ ೨೦೨೫

ಮಾಯಾ,

ಬರಬೇಡ.

ಬಂದು ಏನು ಮಾಡುತ್ತೀ? ಇಲ್ಲಿನ ಜಾಗದಲ್ಲಿ ಅರುಣಕುಮಾರ ಕುಳಿತಿದ್ದಾನೆ, ಕಟ್ಟೆಯ ಮೇಲೆ ನಿಮ್ಮಪ್ಪ ಕುಳಿತಿದ್ದಾರೆ. ಯಾರ ಮುಖ ನೋಡುತ್ತೀ?

ಹೆದ್ದಾರಿಯ ಬಾಳೆಹಣ್ಣಿನ ಬಂಡಿಗಳನ್ನು ನೀನು ನೋಡಿದವಳು. ಕಾರು ನಿಲ್ಲಿಸಿ ಇಳಿದವರಿಗೆ ರುಚಿ ನೋಡಿ ಎಂದು ಒಂದು ಹಣ್ಣು ಕೊಡುತ್ತಾರೆ. ಕೆಲವರು ಈ ಬಂಡಿಯಲ್ಲೊಂದು, ಆ ಬಂಡಿಯಲ್ಲೊಂದು ತಿಂದು ಹೊಟ್ಟೆ ತುಂಬಿಸಿಕೊಂಡು ಕಾರು ಹತ್ತುತ್ತಾರೆ. ಹಾಗೆಂದು ಬಂಡಿಯವರು ಅಂಗಡಿ ಮುಚ್ಚಿದ್ದಾರೆಯೇ? ಬೈದುಕೊಂಡೇ ಮಾರುತ್ತಾರೆ. ನೀನೂ ಬೈದುಕೊಂಡೇ ಹುಡುಕು. ಆ ಶಾಲೆಯ ಕಡೆ ಮಾತ್ರ ಹಾಯಬೇಡ, ಮಕ್ಕಳ ಪಾಠ ಕೆಡಿಸುವ ಮಾತೂ ಬೇಡ. ನಿನ್ನ ಪಗಾರ ತಿಂದವರು ಅವರಲ್ಲ.

ನಾನು ಇಲ್ಲಿ ನಿಮ್ಮಪ್ಪನಿಗೆ ಇಲ್ಲದ್ದನ್ನು ಓದುತ್ತಲೇ ಇದ್ದೇನೆ. ಈ ವಾರ ನಿನಗೆ ಆದರ್ಶ ಶಿಕ್ಷಕಿ ಎಂದು ಶಾಲು ಹೊದಿಸಿದರು.

ಅವ್ವ


ಗಾಜಿಪುರ
೧೨ ಸೆಪ್ಟೆಂಬರ್ ೨೦೨೫

ಅವ್ವ,

ಬಹಳ ದಿನ ಬರೆಯಲಿಲ್ಲ. ಬರೆಯುವಂಥದು ಇರಲಿಲ್ಲ, ಖಾಲಿ ಡಬ್ಬಿ ಖಾಲಿಯೇ ಬಂತು. ದೌಲಪ್ಪಣ್ಣ ಈಗ ಏನೂ ಕೇಳುವುದಿಲ್ಲ, ಅದು ಇನ್ನೂ ಕೆಟ್ಟದ್ದು.

ನಿನ್ನ ಬಂಡಿಯ ಮಾತು ತಲೆಯಲ್ಲಿ ಕೂತಿತ್ತು. ಆಮೇಲೆ ನಾನು ಒಂದು ನಿಯಮ ಮಾಡಿಕೊಂಡೆ. ಡೆಮೊ ಬೇಡ ಎನ್ನುವುದಿಲ್ಲ. ಪಾಠ ನೋಡದೆ ಯಾರನ್ನಾದರೂ ಹೇಗೆ ಇಟ್ಟುಕೊಳ್ಳುತ್ತಾರೆ? ಆದರೆ ಒಂದೇ ಪಾಠ, ಅದೂ ಆ ಮಕ್ಕಳಿಗೆ ಈಗಾಗಲೇ ಆಗಿಹೋದ ಪಾಠ. ನನ್ನನ್ನು ನೋಡುವುದಷ್ಟೇ ಬೇಕಿದ್ದರೆ ಯಾವ ಪಾಠವಾದರೂ ಸಾಕಲ್ಲ. ಹೊಸ ಪಾಠವೇ ಬೇಕು ಎಂದರೆ ಅವರಿಗೆ ಬೇಕಾದದ್ದು ಬೇರೆ.

ಜೇವರ್ಗಿ ಕಾಲೋನಿಯ ಇನ್ನೊಂದು ಶಾಲೆಯಲ್ಲಿ ಹೀಗೆ ಹೇಳಿದಾಗ, ಆದದ್ದನ್ನೇ ಮಾಡಿದರೆ ಟೈಮ್ ವೇಸ್ಟ್ ಎಂದರು. "ವೇಸ್ಟ್ ಆದ್ರ ನಂದೂ ಆಗ್ತದಲ್ರಿ" ಎಂದೆ. ಹೊರಗಿನ ದಾರಿ ತೋರಿಸಿದರು. ಮತ್ತೊಂದು ಕಡೆ, ಕೆಲಸ ಬೇಡಲು ಬಂದವಳು ಷರತ್ತು ಹಾಕುತ್ತಾಳೆ ಎಂದು ಗುಮಾಸ್ತ ಎಲ್ಲರಿಗೂ ಕರೆದು ತೋರಿಸಿದ. ಮುನೀರಾ ನನ್ನನ್ನು ಹುಚ್ಚಿ ಎಂದಳು. ಇರಬಹುದು.

ನಿನ್ನೆ ಗಾಜಿಪುರದ ಹಿಂದಿನ ಒಂದು ಹಳೆಯ ಶಾಲೆಗೆ ಹೋದೆ. ಬಣ್ಣ ಹೋದ ಕಟ್ಟಡ, ಕನ್ನಡ ಮಾಧ್ಯಮ. ವಿಜ್ಞಾನದ ಮಾಸ್ತರರು ಸರ್ಕಾರಿ ನೌಕರಿ ಸಿಕ್ಕಿ ನಡುವರ್ಷದಲ್ಲಿ ಬಿಟ್ಟು ಹೋಗಿದ್ದಾರೆ. ಹೆಡ್ ಮಾಸ್ತರರ ಹೆಸರು ಅಲ್ಲಾವುದ್ದೀನ್ ಸರ್. ನನ್ನ ಷರತ್ತು ಕೇಳಿ ಕನ್ನಡಕ ತೆಗೆದು, "ಯಾಕವಾ ಹಂಗ?" ಎಂದರು. ನೀಲಿ ಕಟ್ಟಡದ ಕಥೆ ಹೇಳಿದೆ. ಹೇಳುವಾಗ ದನಿ ಏರಿತು, ಇಳಿಸಲಿಲ್ಲ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಹತ್ತನೇದವರಿಗೆ ಹೋದ ವರ್ಷದ್ದು ಯಾವುದಾದ್ರೂ ಮಾಡು. ಅವರಿಗೆ ನೆನಪದನೋ ಇಲ್ಲೋ, ನನಗೂ ನೋಡಬೇಕಾಗ್ಯದ" ಎಂದರು.

ಚಲನೆಯ ಪಾಠ ಮಾಡಿದೆ. ಯಾರಿಗೂ ಏನೂ ನೆನಪಿರಲಿಲ್ಲ. ಅಲ್ಲಾವುದ್ದೀನ್ ಸರ್ ಹಿಂದಿನ ಬೆಂಚಿನಲ್ಲಿ ಕೊನೆಯ ತನಕ ಕುಳಿತಿದ್ದರು. ಸೋಮವಾರ ಆಡಳಿತ ಮಂಡಳಿಯವರು ಕೂಡುತ್ತಾರೆ. ಆರ್ಡರ್ ಕೈಗೆ ಬರುವ ತನಕ ಪಾಠಕ್ಕೆ ಬರಬೇಡ ಎಂದು ಅವರೇ ಹೇಳಿದ್ದಾರೆ.

ಅವ್ವ, ಈ ಸಲ ಕೈ ಮುಗಿಯುತ್ತೇನೆ, ಒಂದು ಹಣ್ಣೂ ಹಂಚಬೇಡಿ.

ಮಾಯಾ


ಗಾಜಿಪುರ
೨೦ ಸೆಪ್ಟೆಂಬರ್ ೨೦೨೫

ಅವ್ವ,

ಇದೆಂಥ ಶಾಲೆ ಎಂದು ಬರೆಯಲಿ. ಪ್ರಯೋಗಾಲಯ ಎಂಬ ಬೋರ್ಡಿನ ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಮಾಡಿನ ತನಕ ಒಟ್ಟಿದ್ದಾರೆ. ಇರುವುದು ಒಂದೇ ಬೀಕರು, ಅದರಲ್ಲಿ ಕ್ರಾಫ್ಟ್ ಮಾಸ್ತರರು ಚಹಾ ಕುಡಿಯುತ್ತಾರೆ. ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಹೊಸಬಳು ಎಂದು ಬಿಸಿಯೂಟದ ಮೊಟ್ಟೆಯ ಲೆಕ್ಕ ನನ್ನ ಕೊರಳಿಗೆ ಕಟ್ಟಿದ್ದಾರೆ. ಮೂವತ್ತು ಮೊಟ್ಟೆ ಕೊಟ್ಟರೆ ಮೂವತ್ತೆರಡು ಮಕ್ಕಳು ಸಿಕ್ಕಿಲ್ಲ ಎನ್ನುತ್ತವೆ. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಗೆ ಒಂದು ಕಾಲು ಗಿಡ್ಡ, ಕೂತರೆ ಎಲ್ಲರಿಗೂ ತಲೆಬಾಗಿದ ಹಾಗೆ ಕಾಣುತ್ತದೆ. ಎಂಟನೆಯವರಂತೂ ಕೇಳಬೇಡ, ಗಂಟಲು ಹರಿದು ಹೋಗಿದೆ. ಅಲ್ಲಾವುದ್ದೀನ್ ಸರ್ ಒಳ್ಳೆಯವರು, ಆದರೆ ಒಂದೇ ಸೂಚನೆಯನ್ನು ಮೂರು ಸಲ ಹೇಳುತ್ತಾರೆ, ನಾನೇನು ಕಿವುಡಿಯೇ?

ಆರ್ಡರ್ ಗುರುವಾರ ಕೊಟ್ಟರು. ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಮುನೀರಾ ನಗುತ್ತಾಳೆ.

ಹಾಜರಿ ಕರೆದ ಮೇಲೆ ಒಬ್ಬ ಹುಡುಗಿ ನಿಂತು, ಮಿಸ್, ನಿಮ್ಮ ಹೆಸರು ಬೋರ್ಡಿನ ಮೇಲೆ ಬರೆಯಿರಿ, ವರ್ಷವೆಲ್ಲ ಕರೆಯಬೇಕಲ್ಲ ಎಂದಳು. ಬರೆದೆ. ಚಾಕ್‌ಪೀಸು ಮುರಿಯಿತು. ಚಾಕ್‌ಪೀಸೂ ಕಳಪೆ ಇಲ್ಲಿ.

ನಿಮ್ಮ ಮಗಳು,
ಮಾಯಾ ಮಿಸ್


ಕಮಲಾಪುರ
೨೪ ಸೆಪ್ಟೆಂಬರ್ ೨೦೨೫

ಮಾಯಾ,

ನಿನ್ನ ಪತ್ರವನ್ನು ಮೊದಲು ಒಳಗೆ ಒಲೆಯ ಮುಂದೆ ಕುಳಿತು ಓದಿಕೊಂಡು ಅತ್ತುಬಿಟ್ಟೆ. ಆಮೇಲೆ ಹೊರಗೆ ಬಂದು ನಿಮ್ಮಪ್ಪನಿಗೆ ಓದಿದೆ. ಈ ಸಲ ಒಂದು ಅಕ್ಷರವನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಬೀಕರಿನ ಚಹಾ, ಮೊಟ್ಟೆ, ಕುರ್ಚಿಯ ಗಿಡ್ಡ ಕಾಲು, ಎಲ್ಲ ಓದಿದೆ. ಅವರು ಕುರ್ಚಿಯ ಹತ್ತಿರ ಬಂದಾಗ ನಗಲು ಶುರು ಮಾಡಿದರು. ಚಾಕ್‌ಪೀಸಿನ ಹತ್ತಿರ ಬರುವಾಗ ಟವೆಲ್‌ನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಈಗ ಸಿಕ್ತು ನೋಡು ಖರೇ ನೌಕರಿ" ಎಂದರು.

ನಾನು ಪತ್ರ ಮಡಚಿದೆ. ಯಾಕೆ ಹಾಗನ್ನುತ್ತೀರಿ, ಆಗಲೇ ಸಿಕ್ಕಿತ್ತಲ್ಲ, ಈಗ ಶಾಲೆ ಬದಲಾಯಿಸಿದ್ದಾಳೆ ಅಷ್ಟೆ ಎಂದೆ.

"ಎರಡು ತಿಂಗಳಿಂದ ನೀ ಓದಿದ ಪತ್ರದಾಗ ನನ್ನ ಮಗಳು ಒಬ್ಬರಿಗೂ ಬೈದಿಲ್ಲ. ಸಾಲಿ ಚಲೋ ಅದ, ಮೇಡಂ ಚಲೋ ಅದಾರ, ಶಾಲು ಹೊಚ್ಯಾರ. ಮಾಯಾ ಬೈಯಲಾರದ ಪತ್ರ ಬರೀತಾಳೇನು?"

ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತಾ, ನೀನು ಅಷ್ಟು ಕಷ್ಟಪಟ್ಟು ಓದುತ್ತಿದ್ದೆ, ಕೇಳುವುದು ನನ್ನ ಧರ್ಮ ಎಂದರು. ಕರೆದುಕೊಂಡು ಬಾ ಎಂದು ನಾನು ಹೇಳಿದ್ದರೆ ಹುಡುಗಿ ಅರ್ಧಕ್ಕೆ ಬಂದುಬಿಡುತ್ತಿದ್ದಳು ಎಂದರು. ಮುದುಕ ನನಗೆ ಎರಡು ತಿಂಗಳು ಬೆವರಿಳಿಸಿದ್ದಾನೆ, ಅದಕ್ಕೆ ಬೇರೆಯಾಗಿ ಬೈಯುತ್ತೇನೆ.

ಹಂಚಬೇಡಿ ಎಂದು ನೀನು ಬರೆದದ್ದನ್ನು ತೋರಿಸಿದೆ. ಕಣ್ಣು ಕಾಣುವುದಿಲ್ಲ ಎಂದರು. ಚಪ್ಪಲಿ ಮೆಟ್ಟಿಕೊಂಡು ಹೋಗಿ ಇನ್ನೊಂದು ಗೊನೆ ಹೊತ್ತು ತಂದರು. ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು, "ಮತ್ತ ಯಾತಕ್ಕಣ್ಣ? ಮಾಯಾನ ನೌಕರಿದು ಆಗಲೇ ಹಂಚಿದ್ದಿಲ್ಲೇನು?" ಎಂದಳು.

ನಿಮ್ಮಪ್ಪ ಅವಳ ಕೈಯಲ್ಲಿ ಎರಡು ಹಣ್ಣು ಇಟ್ಟು ಹೇಳಿದರು:

"ಅದು ಡೆಮೊ ಇತ್ತವಾ."

ಈ ಡಬ್ಬಿಯ ತಳದಲ್ಲಿ ನಿನ್ನ ಪಾಲಿನದು ಇದೆ. ಅಲ್ಲಾವುದ್ದೀನ್ ಸರ್ ಅವರಿಗೆ ಒಂದು ಕೊಡು, ಆ ಮಲ್ಲಿಕಾ ಸಿಕ್ಕರೆ ಅವಳಿಗೂ.

ನಿನ್ನ ಅವ್ವ,
ಮಾನಮ್ಮ